ಇಳಕಲ್ ಕಲ್ಲಿನ ಎರಡು ಗೆರೆಗಳು

ಬಾಗಲಕೋಟೆ ಜಿಲ್ಲೆಯವರಿಗೆ ಇಳಕಲ್ ಗ್ರಾನೈಟ್ ಹೊಸದಲ್ಲ. ಎಂಎಸ್ಸಿ ಪ್ರಾಕ್ಟಿಕಲ್‌ಗೆ ಅಂಗೈ ಅಗಲದ ಒಂದು ಚೂರು ತಂದೆವು. ಸೀಸದ ಇಟ್ಟಿಗೆಗಳ ನಡುವೆ, ಗಾಮಾ ಕಿರಣಗಳ ಶಕ್ತಿ ಅಳೆಯುವ ಡಿಟೆಕ್ಟರ್ ತಲೆಯ ಮೇಲಿಟ್ಟು ರಾತ್ರಿಯಿಡೀ ಬಿಟ್ಟೆವು. ಯಾವುದೇ ಗ್ರಾನೈಟಿನಲ್ಲಿ ಪೊಟ್ಯಾಸಿಯಂ, ಯುರೇನಿಯಂ, ಥೋರಿಯಂ ತುಸು ಇದ್ದೇ ಇರುತ್ತವೆ, ಅವುಗಳಿಂದ ಗಾಮಾ ಕಿರಣ ಬರುತ್ತದೆ, ಭಯ ಬೇಡ. ಬೆಳಗ್ಗೆ ನೋಡಿದರೆ 1461 ಕೆಇವಿ (ಕಿಲೊ ಎಲೆಕ್ಟ್ರಾನ್ ವೋಲ್ಟ್, ಶಕ್ತಿಯ ಅಳತೆ) ಹತ್ತಿರ ಪೊಟ್ಯಾಸಿಯಂ ಚೆನ್ನಾಗಿ ಎದ್ದು ಕಾಣುತ್ತಿತ್ತು. 600ರ ಹತ್ತಿರ ಮಾತ್ರ ಒಂದೇ ದಪ್ಪ ಉಬ್ಬು. ಅಲ್ಲಿರಬೇಕಾದದ್ದು ಎರಡು ಗೆರೆ, ಅಂದರೆ ಗೊತ್ತಾದ ಒಂದೇ ಶಕ್ತಿಯ ಗಾಮಾ ಕಿರಣಗಳು: ಥೋರಿಯಂ ಸರಣಿಯ (ಥೋರಿಯಂ ಒಡೆಯುತ್ತಾ ಹುಟ್ಟುವ ಧಾತುಗಳ ಸಾಲು) 583, ಯುರೇನಿಯಂ ಸರಣಿಯ 609. ನಡುವಿನ ಅಂತರ ಬರೀ 26 ಕೆಇವಿ. ಇವೆರಡನ್ನು ಬಿಡಿಸಿ ನೋಡೋದು ಹೇಗೆ?

ನಮ್ಮದು ಸೋಡಿಯಂ ಅಯೋಡೈಡ್ ಹರಳು. 1948ರಲ್ಲಿ ಭೌತವಿಜ್ಞಾನಿ ಹಾಫ್‌ಸ್ಟ್ಯಾಡರ್ ತೋರಿಸಿಕೊಟ್ಟ ದಾರಿ, ಇಂದಿಗೂ ಎಷ್ಟೋ ಲ್ಯಾಬ್‌ಗಳಲ್ಲಿದೆ. ಗಾಮಾ ಕಿರಣ ಬಿದ್ದರೆ ಹರಳು ಮಿನುಗುತ್ತದೆ. ಒಂದು ಕೆಇವಿಗೆ ಸುಮಾರು 38 ಬೆಳಕಿನ ಕಣ. ಡಿಟೆಕ್ಟರ್ ಹೋಲಿಸಲು ಬಳಸುವ ಸೀಸಿಯಂನ 662 ಕೆಇವಿಗೆ 25 ಸಾವಿರ. ಅದರಲ್ಲಿ ಎಲೆಕ್ಟ್ರಾನ್ ಆಗೋದು ಕಾಲು ಭಾಗ, ಅಂದರೆ 6 ಸಾವಿರ. ಇಂಥ ಎಣಿಕೆ ಪ್ರತಿ ಸಲ ಅದರ ವರ್ಗಮೂಲದಷ್ಟು ಏರುಪೇರಾಗುತ್ತದೆ, ಅಂದರೆ 77, ಅದು 1.3%. ಉಬ್ಬಿನ ಅರ್ಧ ಎತ್ತರದಲ್ಲಿ ಅಗಲ ಬೇಕಾದರೆ 2.35ರಿಂದ ಗುಣಿಸಿ, 3%. ಆದರೆ ನಿಜವಾಗಿ ಸಿಗೋದು 7%, ಮುಖ್ಯ ಕಾರಣ, ಈ ಹರಳಿನ ಬೆಳಕು ಶಕ್ತಿಗೆ ಸರಿಸಮವಾಗಿ ಏರೋದಿಲ್ಲ. 600 ಕೆಇವಿಯಲ್ಲಿ 7% ಅಂದರೆ 40 ದಾಟಿತು. 26ರ ಅಂತರ ಅದರಲ್ಲಿ ಮುಳುಗಿ ಹೋಯ್ತು, ಅಲ್ವಾ? ನಮ್ಮ ಹರಳಿಗೆ ಸೀಲ್ ಸಡಿಲಾಗಿ ತೇವ ಹೊಕ್ಕಿತ್ತು, ಬಣ್ಣ ಹಳದಿಗೆ ತಿರುಗಿತ್ತು. ಹಾಗಾಗಿ ಅಗಲ ಇನ್ನೂ ಜಾಸ್ತಿ. ಹರಳು ಬಣ್ಣವಿಲ್ಲದೆ ತಿಳಿಯಾಗಿದೆಯಾ ಅಂತ ಮೊದಲು ಕೇಳಿ, ಆಮೇಲೆ ಪ್ರಯೋಗ ಶುರುಮಾಡಿ.

ಮುಂದೆ ಲ್ಯಾಂಥನಮ್ ಬ್ರೋಮೈಡ್ ಹರಳು ಬಂತು. ಬೆಳಕು ಜಾಸ್ತಿ, ಅಗಲ 3%. ಇದರಲ್ಲಿ 583, 609 ಬೇರೆಯಾಗತೊಡಗುತ್ತವೆ.

ಜರ್ಮೇನಿಯಂ ಎಂಬ ಅರೆವಾಹಕದ ಡಿಟೆಕ್ಟರಿನಲ್ಲಿ ಬೆಳಕಿನ ಮಾತೇ ಇಲ್ಲ. ಗಾಮಾ ಕಿರಣದ ಶಕ್ತಿ ನೇರವಾಗಿ ಎಲೆಕ್ಟ್ರಾನ್-ರಂಧ್ರ ಜೋಡಿಗಳಾಗುತ್ತದೆ (ರಂಧ್ರ ಅಂದರೆ ಎಲೆಕ್ಟ್ರಾನ್ ಬಿಟ್ಟುಹೋದ ಖಾಲಿ ಜಾಗ). ಒಂದು ಜೋಡಿಗೆ 2.96 ಇವಿ (ಕೆಇವಿಯ ಸಾವಿರದಲ್ಲೊಂದು ಭಾಗ) ಸಾಕು, 662 ಕೆಇವಿಗೆ 2.24 ಲಕ್ಷ ಜೋಡಿ. ವರ್ಗಮೂಲದ ಲೆಕ್ಕ ಹಾಕಿದರೆ ಅಗಲ 3.3 ಕೆಇವಿ ಬರಬೇಕು. ಡಿಟೆಕ್ಟರ್ ತೋರಿಸೋದು 1.3! ನನಗೆ ಇದು ಬಹಳ ದಿನ ತಲೆಗೆ ಹೋಗಲಿಲ್ಲ.

ಹೀಗೆ ಯೋಚಿಸಿ. 500 ರೂಪಾಯಿ ಹಿಡಿದು ಸಂತೆಗೆ ಹೋದಿರಿ. ಎಲ್ಲ ಸಾಮಾನೂ ಹತ್ತು ರೂಪಾಯಿಯ ಆಸುಪಾಸು, ಒಂದು ಎಂಟು, ಇನ್ನೊಂದು ಹನ್ನೆರಡು. ದುಡ್ಡು ಮುಗಿಯುವ ತನಕ ಕೊಂಡರೆ ಪ್ರತಿ ವಾರವೂ 50ರ ಹತ್ತಿರವೇ ಸಾಮಾನು ಬರುತ್ತದೆ. ಅದು ನಾಣ್ಯ ಚಿಮ್ಮಿದ ಹಾಗೆ ಎತ್ತೆತ್ತಲೋ ಹೋಗೋದಿಲ್ಲ, ಯಾಕಂದ್ರೆ ಚೀಲದ ದುಡ್ಡು ಗೊತ್ತಾದದ್ದು. ಗಾಮಾ ಕಿರಣದ ಶಕ್ತಿಯೂ ಹಾಗೇ. ಈ ಇಳಿತವನ್ನು ಫ್ಯಾನೋ ಅಂಶ ಅಂತಾರೆ, ಜರ್ಮೇನಿಯಂಗೆ ಸುಮಾರು 0.1. ವರ್ಗಮೂಲ ತೆಗೆಯುವ ಮುಂಚೆ ಜೋಡಿಗಳ ಸಂಖ್ಯೆಯನ್ನು ಇದರಿಂದ ಗುಣಿಸಬೇಕು. ಆಗ 1 ಕೆಇವಿಗೆ ಬರುತ್ತದೆ, ಉಳಿದದ್ದು ಹೆಚ್ಚಾಗಿ ಎಲೆಕ್ಟ್ರಾನಿಕ್ಸ್‌ನ ಗದ್ದಲ. 583 ಮತ್ತು 609 ಎರಡು ಸೂಜಿಗಳ ಹಾಗೆ ದೂರ ದೂರ ನಿಲ್ಲುತ್ತವೆ.

ತೊಂದರೆ ಒಂದೇ. ಜರ್ಮೇನಿಯಂನಲ್ಲಿ ಕೋಣೆಯ ಬಿಸಿಗೇ ಎಲೆಕ್ಟ್ರಾನ್ ಜಿಗಿಯುತ್ತವೆ. ಸಾಮಾನ್ಯವಾಗಿ ಮೈನಸ್ 196 ಡಿಗ್ರಿಯ ದ್ರವ ಸಾರಜನಕ ಬೇಕು. ಏಪ್ರಿಲ್ ಬಿಸಿಲಲ್ಲಿ ಅದನ್ನು ಇಳಕಲ್ ಕ್ವಾರಿಗೆ ಒಯ್ಯೋದು ಕಷ್ಟ. ಅಲ್ಲಿಗೆ ಕ್ಯಾಡ್ಮಿಯಂ ಜಿಂಕ್ ಟೆಲ್ಯುರೈಡ್ ಎಂಬ ಅರೆವಾಹಕ ಸರಿ, ಸಾರಜನಕ ಬೇಡ. 2015ರ ಸೆಪ್ಟೆಂಬರ್ 28ರಂದು ಹಾರಿದ ನಮ್ಮ ಉಪಗ್ರಹ ಆಸ್ಟ್ರೋಸ್ಯಾಟ್‌ನಲ್ಲಿ ಇದರ 64 ಬಿಲ್ಲೆಗಳಿವೆ, ಒಟ್ಟು 16,384 ಪಿಕ್ಸೆಲ್.

ಎಕ್ಸ್-ರೇ ಕಡೆ ನನಗೆ ತುಂಬಾ ಹಿಡಿಸಿದ್ದು ಮೈಕ್ರೋಕ್ಯಾಲರಿಮೀಟರ್. ಅದು ಸಾಮಾನು ಎಣಿಸೋದಿಲ್ಲ, ಇಡೀ ಚೀಲವನ್ನೇ ತೂಗುತ್ತದೆ. ಕಿರಣದ ಶಕ್ತಿಯೆಲ್ಲ ಶಾಖವಾಗಲು ಬಿಟ್ಟು ಆ ಬಿಸಿ ಅಳೆಯುತ್ತದೆ. ಜಪಾನಿನ ಎಕ್ಸ್‌ರಿಸಂ ಉಪಗ್ರಹದಲ್ಲಿ (2023) ಇದು ಪರಮ ಶೂನ್ಯಕ್ಕಿಂತ 0.05 ಡಿಗ್ರಿ ಮೇಲಷ್ಟೇ ಕೂತು, 6 ಕೆಇವಿಯಲ್ಲಿ ಸುಮಾರು 5 ಇವಿ ಅಗಲ ಕೊಡುತ್ತದೆ.

ಸಿಲಿಕಾನ್‌ದು ಅಗಲ ಎಷ್ಟಾಗುತ್ತೆ ಅಂತ ನೀವೇ ಲೆಕ್ಕ ಮಾಡಿ. 5.9 ಕೆಇವಿ, ಜೋಡಿಗೆ 3.65 ಇವಿ, ಫ್ಯಾನೋ ಅಂಶ 0.115. ಉತ್ತರ 117 ಇವಿ ಆಸುಪಾಸು ಬರಬೇಕು. 345 ಬಂದರೆ ಫ್ಯಾನೋ ಮರೆತಿದ್ದೀರಿ.