19ಕ್ಕೇ ನಂಬರ್ ಒನ್ ಆಗುವುದು ಹೇಗೆ? 11 ವರ್ಷದ ಮಗನಿಗೆ ತಡವಾಯಿತಾ?

ಪ್ರಶ್ನೆ: ಮಗನಿಗೆ ಈಗ 11 ವರ್ಷ. ಎರಡು ವರ್ಷದಿಂದ ಟೆನಿಸ್ ಕಲಿಯುತ್ತಿದ್ದಾನೆ. ಮನೆಯಲ್ಲಿ ಯಾವಾಗಲೂ ಕಾರ್ಲೋಸ್ ಅಲ್ಕರಾಜ್‌ದೇ ಮಾತು. ಅವನು 19 ವರ್ಷಕ್ಕೇ ಜಗತ್ತಿನ ನಂಬರ್ ಒನ್ ಆದನಂತೆ, ಅದೂ ಒಂದು ವರ್ಷದೊಳಗೆ 32ನೇ ಸ್ಥಾನದಿಂದ. ಅದು ಹೇಗೆ ಸಾಧ್ಯ? ನಾವು ತಡ ಮಾಡಿದೆವಾ?
– ಉಡುಪಿಯಿಂದ ಒಬ್ಬ ತಾಯಿ

ತಡವಾಗಿಲ್ಲ. ನಿಮ್ಮ ಕೊನೆಯ ಮಾತಿನಲ್ಲಿ ಆತಂಕ ಉಂಟು, ಅದಕ್ಕೇ ಆ ಉತ್ತರವನ್ನು ಮೊದಲು ಹೇಳಿದೆ. ನಮ್ಮ ಪಕ್ಕದ ಕೊಡಗಿನ ರೋಹನ್ ಬೋಪಣ್ಣ ರ‍್ಯಾಕೆಟ್ ಹಿಡಿದದ್ದೇ 11ನೇ ವಯಸ್ಸಿನಲ್ಲಿ. 2024ರ ಜನವರಿಯಲ್ಲಿ, ತಮ್ಮ 43ನೇ ವಯಸ್ಸಿನಲ್ಲಿ, ಅವರು ಆಸ್ಟ್ರೇಲಿಯಾ ಓಪನ್ ಡಬಲ್ಸ್ ಗೆದ್ದು ಡಬಲ್ಸ್ ಪಟ್ಟಿಯ ನಂಬರ್ ಒನ್ ಆದರು. ಆ ಜಾಗಕ್ಕೆ ಮೊದಲ ಬಾರಿ ಏರಿದವರಲ್ಲಿ ಅವರಷ್ಟು ಹಿರಿಯರು ಇನ್ನೊಬ್ಬರಿಲ್ಲ. ಇಟಲಿಯ ಯಾನಿಕ್ ಸಿನ್ನರ್ ಕಥೆಯೂ ಕೇಳಿ. ಬೆಟ್ಟದೂರಿನ ಹುಡುಗ, ಅಪ್ಪ ಅಡುಗೆಯವರು, ಹಿಮದ ಮೇಲೆ ಜಾರುವ ಸ್ಕೀಯಿಂಗ್‌ನಲ್ಲಿ ಸಣ್ಣವನಿರುವಾಗಲೇ ದೇಶದ ಮಟ್ಟದಲ್ಲಿ ಗೆದ್ದವನು. ಟೆನಿಸ್ ಅವನಿಗೆ ಎರಡನೆಯ ಆಟ. 13ಕ್ಕೆ ಸ್ಕೀಯಿಂಗ್ ಬಿಟ್ಟು, ದೂರದ ಸಮುದ್ರ ತೀರದ ಬೋರ್ಡಿಗೇರಾದ ಅಕಾಡೆಮಿಗೆ ಸೇರಿದ. 2024ರ ಜೂನ್‌ನಲ್ಲಿ ನಂಬರ್ ಒನ್ ಆದ.

ಮಂಗಳೂರಿನಲ್ಲಿ ಸಂಜೆ ಐದೂವರೆಗೆ ಟೆನಿಸ್ ಕೋರ್ಟಿನ ಬದಿಯಲ್ಲಿ ನಿಂತರೆ ನಿಮ್ಮ ಪ್ರಶ್ನೆಯೇ ಬೇರೆ ಬೇರೆ ಬಾಯಲ್ಲಿ ಕೇಳಿಸುತ್ತದೆ. ಶಾಲೆಯ ವ್ಯಾನಿನಿಂದ ಇಳಿದು ಸೀದಾ ಬಂದ ಮಕ್ಕಳು, ತಿಂಡಿ ಡಬ್ಬಿ ಹಿಡಿದು ಮೆಟ್ಟಿಲಲ್ಲಿ ಕುಳಿತ ಅಪ್ಪ ಅಮ್ಮಂದಿರು. "ಅವನು ನಾಲ್ಕು ವರ್ಷಕ್ಕೆ ಶುರು ಮಾಡಿದ್ದಂತೆ" ಎಂದು ಒಬ್ಬರು ಹೇಳಿದರೆ ಉಳಿದವರು ಸುಮ್ಮನಾಗುತ್ತಾರೆ. ನಮ್ಮೂರಿನಲ್ಲಿ ಟೆನಿಸ್ ಚೆಂಡು ಹೆಚ್ಚಿನವರ ಕೈಗೆ ಬಂದದ್ದು ಕ್ರಿಕೆಟ್ ಆಡಲಿಕ್ಕೆ. ಕೊಯ್ಲಾದ ಗದ್ದೆಯಲ್ಲಿ, ಶಾಲೆಯ ಅಂಗಳದಲ್ಲಿ, ಅಂಡರ್‌ಆರ್ಮ್ ಟೂರ್ನಮೆಂಟುಗಳಲ್ಲಿ. ಅದೇ ಚೆಂಡನ್ನು ರ‍್ಯಾಕೆಟ್ಟಿನಿಂದ ಹೊಡೆಯುವ ಮಗುವಿನ ಮನೆಯವರಿಗೆ ದಾರಿ ಕೇಳಲು ನೆರೆಕರೆಯಲ್ಲಿ ಯಾರೂ ಸಿಗುವುದಿಲ್ಲ. ಮೊಬೈಲಿನಲ್ಲಿ ಅಲ್ಕರಾಜ್‌ನ ಐದು ನಿಮಿಷದ ವಿಡಿಯೋ ನೋಡಿ ಹೆದರುತ್ತಾರೆ. ಹಾಗಾಗಿ ಆ ವಿಡಿಯೋದಲ್ಲಿ ಇಲ್ಲದ್ದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಮೊದಲು ಆ 32ರಿಂದ ಒಂದರ ಜಿಗಿತ. ಎಟಿಪಿ ಎಂದರೆ ಪುರುಷರ ವೃತ್ತಿಪರ ಟೆನಿಸ್ ನಡೆಸುವ ಸಂಸ್ಥೆ. ಅದರ ಕ್ರಮಾಂಕ ಪಟ್ಟಿಯೆಂದರೆ ಹಿಂದಿನ 52 ವಾರಗಳ ಲೆಕ್ಕದ ಪುಸ್ತಕ. ಗೆದ್ದ ಪಾಯಿಂಟ್ ಒಂದು ವರ್ಷ ಪುಸ್ತಕದಲ್ಲಿ ಇರುತ್ತದೆ, ಮರುವರ್ಷ ಅದೇ ಟೂರ್ನಿ ಬಂದಾಗ ಹಳೆಯದನ್ನು ಹೊಡೆದು ಹಾಕಿ ಹೊಸದನ್ನು ಬರೆಯುತ್ತಾರೆ. ಕಳೆದ ವರ್ಷ ಗೆದ್ದವನು ಈ ವರ್ಷವೂ ಗೆದ್ದರೆ ಇದ್ದಲ್ಲೇ ಇರುತ್ತಾನೆ, ಮೊದಲ ಸುತ್ತಿನಲ್ಲಿ ಸೋತರೆ ಕುಸಿಯುತ್ತಾನೆ. ಆಟಗಾರರು ಇದನ್ನು ಪಾಯಿಂಟ್ ಡಿಫೆಂಡ್ ಮಾಡುವುದು ಎನ್ನುತ್ತಾರೆ. ವರ್ಷದ ನಾಲ್ಕು ಅತಿ ದೊಡ್ಡ ಟೂರ್ನಿಗಳಾದ ಗ್ರ್ಯಾನ್‌ಸ್ಲಾಮ್‌ಗಳಲ್ಲಿ ಒಂದನ್ನು ಗೆದ್ದರೆ 2000 ಪಾಯಿಂಟ್, ಅದರ ಕೆಳಗಿನ ಮಾಸ್ಟರ್ಸ್ ಟೂರ್ನಿಗೆ 1000, ಆಮೇಲೆ 500, 250.

ಅಲ್ಕರಾಜ್ 2020ನ್ನು ಮುಗಿಸಿದ್ದು 141ನೇ ಸ್ಥಾನದಲ್ಲಿ, 2021ನ್ನು 32ರಲ್ಲಿ. 2021ರ ಮೊದಲರ್ಧದಲ್ಲಿ ಅವನು ಇನ್ನೂ ದೊಡ್ಡ ಟೂರ್ನಿ ಯಾವುದನ್ನೂ ಗೆದ್ದಿರಲಿಲ್ಲ. ಅಂದರೆ 2022 ಶುರುವಾಗುವಾಗ ಅವನ ಪುಸ್ತಕದಿಂದ ಹೊಡೆದು ಹಾಕಲು ದೊಡ್ಡದೇನೂ ಇರಲಿಲ್ಲ, ಬಂದದ್ದೆಲ್ಲ ಸೇರಿಸಲಿಕ್ಕೇ. ಫೆಬ್ರವರಿಯಲ್ಲಿ ರಿಯೊ, 500. ಏಪ್ರಿಲ್ ಮೊದಲ ವಾರ ಮಯಾಮಿ, 1000. ಅದೇ ತಿಂಗಳು ಬಾರ್ಸಿಲೋನಾ, 500. ಮೇ ತಿಂಗಳಲ್ಲಿ ಮ್ಯಾಡ್ರಿಡ್, 1000, ಅದೂ ರಫೆಲ್ ನಡಾಲ್ ಮತ್ತು ನೊವಾಕ್ ಜೊಕೊವಿಚ್ ಇಬ್ಬರನ್ನೂ ಒಂದರ ಹಿಂದೆ ಒಂದು ದಿನ ಸೋಲಿಸಿ. ಸೆಪ್ಟೆಂಬರ್‌ನಲ್ಲಿ ಅಮೆರಿಕ ಓಪನ್, 2000. ಈ ಐದೇ ಟೂರ್ನಿಗಳಿಂದ 5000 ಆಯಿತು. 2022ರ ಸೆಪ್ಟೆಂಬರ್ 12ರಂದು ಅವನ ಹೆಸರು ಪಟ್ಟಿಯ ತುದಿಗೆ ಬಂದಾಗ ಒಟ್ಟು 6740 ಪಾಯಿಂಟ್ ಇತ್ತು, ಎರಡನೆಯ ಕ್ಯಾಸ್ಪರ್ ರೂಡ್‌ಗೆ 5850. ವಯಸ್ಸು 19 ವರ್ಷ 4 ತಿಂಗಳು. 1973ರಲ್ಲಿ ಈ ಪಟ್ಟಿ ಶುರುವಾದ ಮೇಲೆ ಪುರುಷರಲ್ಲಿ ಇಷ್ಟು ಎಳೆಯ ನಂಬರ್ ಒನ್ ಇರಲಿಲ್ಲ. ಅದಕ್ಕೆ ಮೊದಲಿನ ದಾಖಲೆ 2001ರ ಲೇಟನ್ ಹೆವಿಟ್‌ದು, 20 ವರ್ಷ 8 ತಿಂಗಳು.

ಇದರಲ್ಲಿ ಕಾಲವೂ ಕೂಡಿ ಬಂದಿತ್ತು, ಅದನ್ನು ಮುಚ್ಚಿಡಬಾರದು. ಆ ವರ್ಷ ವಿಂಬಲ್ಡನ್‌ನಲ್ಲಿ ರಷ್ಯಾ ಮತ್ತು ಬೆಲಾರುಸ್ ಆಟಗಾರರನ್ನು ಆಡಲು ಬಿಡಲಿಲ್ಲ ಎಂಬ ಕಾರಣಕ್ಕೆ ಎಟಿಪಿ ಆ ಟೂರ್ನಿಗೆ ಪಾಯಿಂಟ್ಸೇ ಕೊಡಲಿಲ್ಲ. ಅಲ್ಲಿ ಗೆದ್ದ ಜೊಕೊವಿಚ್ ಪುಸ್ತಕಕ್ಕೆ ಏನೂ ಸೇರಲಿಲ್ಲ. ಕೋವಿಡ್ ಲಸಿಕೆ ಹಾಕಿಸಿಕೊಳ್ಳದ ಕಾರಣ ಅವರಿಗೆ ಅಮೆರಿಕಕ್ಕೆ ಹೋಗಲೂ ಆಗಲಿಲ್ಲ. ಅಲೆಕ್ಸಾಂಡರ್ ಜ್ವೆರೆವ್ ಪ್ಯಾರಿಸ್‌ನಲ್ಲಿ ಕಾಲು ತಿರುಚಿಕೊಂಡು ಮನೆಯಲ್ಲಿದ್ದರು. ದಾರಿ ಸ್ವಲ್ಪ ತೆರವಾಗಿತ್ತು, ನಿಜ. ಆದರೆ ತೆರವಾದ ದಾರಿಯಲ್ಲೂ ಓಡಬೇಕಲ್ಲ. ಅಮೆರಿಕ ಓಪನ್ ನಡೆದ ನ್ಯೂಯಾರ್ಕಿನಲ್ಲಿ ಮರಿನ್ ಚಿಲಿಚ್, ಸಿನ್ನರ್, ಫ್ರಾನ್ಸಿಸ್ ಟಿಯಾಫೊ ಜತೆ ಒಂದರ ಮೇಲೊಂದರಂತೆ ಐದೈದು ಸೆಟ್‌ಗಳ ಮೂರು ಪಂದ್ಯ. ಸಿನ್ನರ್ ಜತೆಗಿನದ್ದು 5 ಗಂಟೆ 15 ನಿಮಿಷ ನಡೆದು, ಬೆಳಗಿನ ಜಾವ 2.50ಕ್ಕೆ ಮುಗಿಯಿತು. ನಾಲ್ಕನೇ ಸೆಟ್‌ನಲ್ಲಿ ಇನ್ನೊಂದು ಪಾಯಿಂಟ್ ಹೋದರೆ ಅಲ್ಕರಾಜ್ ಟೂರ್ನಿಯಿಂದಲೇ ಹೊರಗೆ ಎಂಬ ಗಳಿಗೆ ಬಂದಿತ್ತು. ಅದನ್ನು ದಾಟಿ ಗೆದ್ದ. ನಿಮ್ಮ ಮಗ ನೋಡುವ ವಿಡಿಯೋಗಳಲ್ಲಿ ಚೆಂಡನ್ನು ನೆಟ್‌ನ ಆಚೆ ಮೆಲ್ಲಗೆ ಬೀಳಿಸುವ ಡ್ರಾಪ್‌ಶಾಟ್ ಇರುತ್ತದೆ, ಈ ಐದನೇ ಗಂಟೆಯ ಕಾಲುಗಳು ಇರುವುದಿಲ್ಲ.

ಈಗ ನನಗೆ ಮುಖ್ಯವೆನಿಸುವ ವಿಷಯಕ್ಕೆ ಬರುತ್ತೇನೆ. ಅಲ್ಕರಾಜ್ ಹುಟ್ಟಿದ್ದು 2003ರ ಮೇ 5ರಂದು, ಸ್ಪೇನ್‌ನ ಮುರ್ಸಿಯಾ ಬಳಿಯ ಎಲ್ ಪಾಲ್ಮಾರ್ ಎಂಬಲ್ಲಿ. ಅಪ್ಪನೂ ಒಳ್ಳೆಯ ಆಟಗಾರ, ಆದರೆ ವೃತ್ತಿಪರ ಆಟದ ಖರ್ಚು ಭರಿಸಲಾಗದೆ ಊರಿನ ಕ್ಲಬ್ಬಿನಲ್ಲಿ ಟೆನಿಸ್ ಕಲಿಸುವ ಕೆಲಸಕ್ಕೆ ನಿಂತವರು. ಮಗ ನಾಲ್ಕು ವರ್ಷಕ್ಕೆ ರ‍್ಯಾಕೆಟ್ ಹಿಡಿದದ್ದು ಅದೇ ಕ್ಲಬ್ಬಿನಲ್ಲಿ. ಅವನಿಗೆ ಹತ್ತು ವರ್ಷವಾದಾಗ ಕ್ರೊಯೇಷಿಯಾದ ಮಕ್ಕಳ ಟೂರ್ನಿಗೆ ಹೋಗುವ ಅವಕಾಶ ಬಂತು, ಮನೆಯಲ್ಲಿ ಅಷ್ಟು ದುಡ್ಡಿರಲಿಲ್ಲ. ಸಿಹಿತಿಂಡಿ ತಯಾರಿಸುವ ಕಂಪನಿಯೊಂದರ ಯಜಮಾನರು ಖರ್ಚು ಕೊಟ್ಟು ಕಳುಹಿಸಿದರು. 2018ರಲ್ಲಿ, 15ನೇ ವಯಸ್ಸಿಗೆ, ಹಿಂದೆ ತಾನೇ ನಂಬರ್ ಒನ್ ಆಗಿದ್ದ, 2003ರ ಫ್ರೆಂಚ್ ಓಪನ್ ಗೆದ್ದ ಹುವಾನ್ ಕಾರ್ಲೋಸ್ ಫೆರೆರೊ ಅವನ ಕೋಚ್ ಆದರು. ಫೆರೆರೊ ಅಕಾಡೆಮಿ ಇರುವುದು ಸ್ಪೇನ್‌ನದೇ ವಿಯ್ಯೇನಾ (Villena) ಎಂಬ ಊರಿನಲ್ಲಿ, ಮನೆಯಿಂದ ಸುಮಾರು 100 ಕಿ.ಮೀ. ಮಂಗಳೂರಿನಿಂದ ಕುಂದಾಪುರಕ್ಕೆ ಹೋದಷ್ಟೇ ದೂರ.

ಆ ದೂರವನ್ನು ಮನಸ್ಸಿನಲ್ಲಿಟ್ಟುಕೊಳ್ಳಿ. 2020ರಲ್ಲಿ ಕೋವಿಡ್‌ನಿಂದ ನಿಂತ ಟೆನಿಸ್ ಆಗಸ್ಟ್‌ನಲ್ಲಿ ಪುನಃ ಶುರುವಾಯಿತು. ಅಲ್ಲಿಂದ ಅಕ್ಟೋಬರ್ ಒಳಗೆ ಅಲ್ಕರಾಜ್ ಮೂರು ಚಾಲೆಂಜರ್ ಟೂರ್ನಿ ಗೆದ್ದ, ಆಗ ಅವನಿಗೆ 17. ಮೊದಲನೆಯದು ಇಟಲಿಯ ಟ್ರಿಯೆಸ್ಟೆಯಲ್ಲಿ, ಎರಡನೆಯದು ಬಾರ್ಸಿಲೋನಾದಲ್ಲಿ, ಮೂರನೆಯದು ಅಲಿಕಾಂಟೆಯಲ್ಲಿ. ಅಲಿಕಾಂಟೆ ಅವನ ಮನೆಯಿಂದ ಕಾರಿನಲ್ಲಿ ಒಂದು ಗಂಟೆಯ ದಾರಿ. ಚಾಲೆಂಜರ್ ಎಂದರೆ ಸಣ್ಣ ಪಂದ್ಯವಲ್ಲ, ದೊಡ್ಡ ಟೂರ್ನಿಗಳ ಬಾಗಿಲಿಗೆ ಹೋಗುವ ಕೊನೆಯ ಮೆಟ್ಟಿಲು. ಆ ಮೆಟ್ಟಿಲು ಅವನ ಮನೆಯ ಅಂಗಳದಲ್ಲೇ ಇತ್ತು. ನಾಲ್ಕು ವರ್ಷಕ್ಕೆ ಶುರು ಮಾಡಿದ ಮಕ್ಕಳು ಸ್ಪೇನ್‌ನಲ್ಲೂ ಎಷ್ಟೋ ಮಂದಿ ಇದ್ದಾರೆ, ನಮ್ಮ ದೇಶದಲ್ಲೂ ಇದ್ದಾರೆ. ಬೇಗ ಶುರು ಮಾಡಿದ್ದಕ್ಕಿಂತ, ಅಪ್ಪನ ಕ್ಲಬ್ಬಿನಿಂದ ಅಲಿಕಾಂಟೆಯವರೆಗೆ ಒಂದೊಂದು ಹಂತದಲ್ಲೂ ಮುಂದಿನ ಎದುರಾಳಿ ಹತ್ತಿರದಲ್ಲೇ ಸಿಕ್ಕಿದ್ದು ಅವನನ್ನು ಬೇಗ ಬೆಳೆಸಿತು ಎಂದು ನಾನು ನಂಬಿದ್ದೇನೆ.

ನಮ್ಮಲ್ಲಿ ಹೇಗೆ? ಮುರ್ಸಿಯಾದಲ್ಲಿ ವರ್ಷಕ್ಕೆ 300 ಮಿ.ಮೀ. ಆಸುಪಾಸು ಮಳೆ, ಮಂಗಳೂರಿನಲ್ಲಿ 3500 ಮಿ.ಮೀ.ಗೂ ಮೇಲೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತೆರೆದ ಕೋರ್ಟಿನಲ್ಲಿ ಪಾಚಿ ಹಿಡಿಯುತ್ತದೆ. ಆಟಿ ತಿಂಗಳಲ್ಲಿ ಒಂದು ಸಂಜೆ ಬಿಸಿಲು ಕಂಡಿತೆಂದು ಮಕ್ಕಳು ಓಡಿ ಬಂದರೂ ನೆಲ ಜಾರುತ್ತದೆಂದು ಇಳಿಸಲು ಧೈರ್ಯವಾಗುವುದಿಲ್ಲ. ಅಲ್ಲಿಗೆ ವರ್ಷದ ಮೂರನೇ ಒಂದು ಪಾಲು ಹೋಯಿತು. ಉಳಿದ ತಿಂಗಳಲ್ಲಿ ಪಂದ್ಯ ಬೇಕೆಂದರೆ ಶುಕ್ರವಾರ ರಾತ್ರಿ ಬಸ್ಸು ಹತ್ತಿ ಶಿರಾಡಿ ಘಾಟಿ ದಾಟಬೇಕು, ಬೆಳಿಗ್ಗೆ ಬೆಂಗಳೂರಿನಲ್ಲಿ ಇಳಿದು ನಿದ್ದೆಗಣ್ಣಿನಲ್ಲೇ ಮೊದಲ ಮ್ಯಾಚು. ಸೋತರೆ ಅದೇ ರಾತ್ರಿ ವಾಪಸು. ಒಂದು ಮ್ಯಾಚಿಗೆ ಸುಮಾರು 700 ಕಿ.ಮೀ. ಪ್ರಯಾಣ. ನಮ್ಮ ಮಕ್ಕಳು ಹಿಂದೆ ಬೀಳುವುದು ಇಲ್ಲಿ. ಅವರ ಕೈಗಳಲ್ಲಿ ಕೊರತೆ ಇದೆ ಎಂದು ನನಗೆ ಒಂದು ದಿನವೂ ಅನಿಸಿದ್ದಿಲ್ಲ.

ದುಡ್ಡಿನ ವಿಷಯದಲ್ಲಿ ದೊಡ್ಡವರಿಗೂ ಇದೇ ಪಾಡು. 2023ರ ಸೆಪ್ಟೆಂಬರ್‌ನಲ್ಲಿ, ದೇಶದ ನಂಬರ್ ಒನ್ ಸಿಂಗಲ್ಸ್ ಆಟಗಾರ ಸುಮಿತ್ ನಗಾಲ್ ತಮ್ಮ ಬ್ಯಾಂಕ್ ಖಾತೆಯಲ್ಲಿ ಉಳಿದಿರುವುದು 900 ಯೂರೊ ಎಂದು ಹೇಳಿಕೊಂಡರು. ನಾಲ್ಕು ತಿಂಗಳ ನಂತರ ಅದೇ ನಗಾಲ್ ಆಸ್ಟ್ರೇಲಿಯಾ ಓಪನ್‌ನಲ್ಲಿ 31ನೇ ಶ್ರೇಯಾಂಕದ ಅಲೆಕ್ಸಾಂಡರ್ ಬುಬ್ಲಿಕ್ ಅವರನ್ನು ಸೋಲಿಸಿದರು. ಗ್ರ್ಯಾನ್‌ಸ್ಲಾಮ್ ಸಿಂಗಲ್ಸ್‌ನಲ್ಲಿ ಶ್ರೇಯಾಂಕದ ಆಟಗಾರನನ್ನು ಭಾರತದ ಪುರುಷರೊಬ್ಬರು ಸೋಲಿಸಿದ್ದು 1989ರಲ್ಲಿ ರಮೇಶ್ ಕೃಷ್ಣನ್ ನಂತರ ಅದೇ ಮೊದಲು. ಮುಂದಿನ ತಿಂಗಳು ಚೆನ್ನೈ ಚಾಲೆಂಜರ್ ಗೆದ್ದು ಮೊದಲ 100ರೊಳಗೆ ಬಂದರು. ನೋಡಿ, ಅಲ್ಲೂ ಬಾಗಿಲು ತೆರೆದದ್ದು ನಮ್ಮ ದೇಶದಲ್ಲೇ ನಡೆದ ಟೂರ್ನಿಯೇ. ಬೆಂಗಳೂರಿನಲ್ಲಿ ಚಾಲೆಂಜರ್ ನಡೆಯುತ್ತದೆ. ಧಾರವಾಡ, ಕಲಬುರಗಿ, ಮೈಸೂರಿನಲ್ಲಿ ಅದರ ಕೆಳಗಿನ ಐಟಿಎಫ್ (ಅಂತರರಾಷ್ಟ್ರೀಯ ಟೆನಿಸ್ ಸಂಸ್ಥೆ) ಟೂರ್ನಿಗಳು ನಡೆದಿವೆ. ಕರಾವಳಿಯಲ್ಲೂ ಅಂಥದ್ದೊಂದು ಆಗಬೇಕೆಂಬ ಆಸೆಯನ್ನು ನಾನು ಬಿಟ್ಟಿಲ್ಲ.

ಇನ್ನೊಂದು ಸಂಗತಿ ಹೇಳದೆ ಇರಲಾರೆ. ಅಲ್ಕರಾಜ್ ಕಲಿತದ್ದು ಮಣ್ಣಿನ ಕೋರ್ಟಿನಲ್ಲಿ. ಮಣ್ಣು ಎನ್ನುತ್ತೇವೆ, ಆದರೆ ಪ್ಯಾರಿಸ್ಸಿನ ಫ್ರೆಂಚ್ ಓಪನ್ ಕೋರ್ಟಿನ ಮೇಲಿನ ಕೆಂಪು ಪದರ ಸುಟ್ಟ ಇಟ್ಟಿಗೆಯ ಪುಡಿ, ಒಂದೆರಡು ಮಿಲಿಮೀಟರ್ ದಪ್ಪ, ಕೆಳಗೆ ಸುಣ್ಣದ ಕಲ್ಲು. 1865ರಲ್ಲಿ ಬಾಸೆಲ್ ಮಿಷನ್‌ನವರು ಹೆಂಚಿನ ಕಾರ್ಖಾನೆ ತೆರೆದ ಊರು ನಮ್ಮದು, ಆ ಪುಡಿಯ ಬಣ್ಣ ನಮಗೆ ಹೊಸದಲ್ಲ. ಒಡೆದ ಹೆಂಚನ್ನು ಕುಟ್ಟಿದರೆ ಅದೇ ಬಣ್ಣ ಬರುತ್ತದೆ. ಆ ನೆಲದಲ್ಲಿ ಚೆಂಡಿನ ವೇಗ ಕಡಿಮೆಯಾಗುತ್ತದೆ, ಎತ್ತರಕ್ಕೆ ಪುಟಿಯುತ್ತದೆ. ಒಂದೇ ಹೊಡೆತಕ್ಕೆ ಪಾಯಿಂಟ್ ಸಿಗುವುದಿಲ್ಲ. ಎದುರಾಳಿಯನ್ನು ಆಳದ ಫೋರ್‌ಹ್ಯಾಂಡ್‌ಗಳಿಂದ ಹಿಂದೆ ಹಿಂದೆ ತಳ್ಳಿ, ಅವನು ಗೆರೆಯಿಂದ ದೂರ ನಿಂತಾಗ ನೆಟ್‌ನ ಪಕ್ಕ ಮೆಲ್ಲಗೆ ಬೀಳಿಸುವುದು. ಮಗನಿಗೆ ಇಷ್ಟವಾದ ಡ್ರಾಪ್‌ಶಾಟ್ ಹುಟ್ಟುವುದು ಹೀಗೆ, ಅದರ ಹಿಂದಿನ ಮೂರ್ನಾಲ್ಕು ಹೊಡೆತಗಳಿಂದ. ಮುಂದಿನ ಸಲ ಒಟ್ಟಿಗೆ ನೋಡುವಾಗ ಚೆಂಡನ್ನು ಬಿಟ್ಟು ಎದುರಾಳಿ ಎಲ್ಲಿ ನಿಂತಿದ್ದಾನೆ ಎಂದು ಕೇಳಿ. 2025ರ ಫ್ರೆಂಚ್ ಓಪನ್ ಫೈನಲ್ ಆದರೆ ಇನ್ನೂ ಒಳ್ಳೆಯದು: 5 ಗಂಟೆ 29 ನಿಮಿಷ, ಇನ್ನೊಂದೇ ಪಾಯಿಂಟ್ ಗೆದ್ದರೆ ಪ್ರಶಸ್ತಿ ಎಂಬ ಗಳಿಗೆ ಸಿನ್ನರ್‌ಗೆ ಮೂರು ಸಲ ಬಂದದ್ದನ್ನು ತಪ್ಪಿಸಿ ಅಲ್ಕರಾಜ್ ಗೆದ್ದದ್ದು.

ಇನ್ನು ನಿಮ್ಮ ಮಗ. 14 ವರ್ಷ ತುಂಬದವರು ವೃತ್ತಿಪರ ಟೂರ್ನಿ ಆಡುವಂತಿಲ್ಲ ಎಂಬುದು ನಿಯಮ. ಐಟಿಎಫ್ ಜೂನಿಯರ್ ಪಂದ್ಯಗಳೂ ಶುರುವಾಗುವುದು 13ಕ್ಕೆ. ಅಂದರೆ ಈಗ ಅವಸರ ಮಾಡಲು ಬೇಕೆಂದರೂ ಆಗುವುದಿಲ್ಲ. ಅಖಿಲ ಭಾರತ ಟೆನಿಸ್ ಸಂಸ್ಥೆಯಲ್ಲಿ ಹೆಸರು ನೋಂದಾಯಿಸಿ, ಕೆಳಗಿನ ಮೆಟ್ಟಿಲಾದ ಟ್ಯಾಲೆಂಟ್ ಸೀರೀಸ್‌ನಿಂದ ಶುರು ಮಾಡಿ. ಅದರ ಮೇಲೆ ಚಾಂಪಿಯನ್‌ಶಿಪ್ ಸೀರೀಸ್, ಸೂಪರ್ ಸೀರೀಸ್, ನ್ಯಾಷನಲ್ ಸೀರೀಸ್ ಉಂಟು. ವರ್ಷಕ್ಕೆ ಎರಡು ಬಾರಿ ಘಾಟಿ ಹತ್ತಿದರೆ ಸಾಕು. ಉಳಿದ ವಾರಾಂತ್ಯಗಳಲ್ಲಿ ಉಡುಪಿ, ಮಣಿಪಾಲ, ಮಂಗಳೂರಿನ ಮಕ್ಕಳನ್ನು ಸೇರಿಸಿ ಅಂಕ ಎಣಿಸಿ ಆಡಿಸುವುದನ್ನು ಕೋಚ್ ಹತ್ತಿರ ಮಾತಾಡಿ ನೀವೇ ಏರ್ಪಾಡು ಮಾಡಬಹುದು. ಬಾಸ್ಕೆಟ್‌ನಿಂದ ನೂರು ಚೆಂಡು ಹೊಡೆಸುವುದಕ್ಕಿಂತ ಗೊತ್ತಿಲ್ಲದ ಹುಡುಗನ ಜತೆ ಒಂದು ಸೆಟ್ ಹೆಚ್ಚು ಕಲಿಸುತ್ತದೆ. ಮಳೆಗಾಲದಲ್ಲಿ ಈಜು, ಬ್ಯಾಡ್ಮಿಂಟನ್, ಯಾವುದಾದರೂ ಸರಿ, ಕಾಲು ಮತ್ತು ಕಣ್ಣು ಕೆಲಸ ಮಾಡುತ್ತಿರಲಿ. ಸಿನ್ನರ್‌ಗೆ ಸ್ಕೀಯಿಂಗ್ ಇದ್ದ ಹಾಗೆ.

ಚೆಂಡು ಮತ್ತು ರ‍್ಯಾಕೆಟ್ ಬಗ್ಗೆ ನೀವು ಕೇಳಲಿಲ್ಲ, ಆದರೂ ಹೇಳುತ್ತೇನೆ, ಏಕೆಂದರೆ ಇಲ್ಲಿ ಆಗುವ ತಪ್ಪು ಆಮೇಲೆ ಭುಜಕ್ಕೆ ಬರುತ್ತದೆ. ಸಣ್ಣ ಮಕ್ಕಳಿಗೆಂದು ಕೆಂಪು, ಕಿತ್ತಳೆ, ಹಸಿರು ಗುರುತಿನ ಚೆಂಡುಗಳಿವೆ. ಕೆಂಪು ಎಲ್ಲಕ್ಕಿಂತ ನಿಧಾನ, ಹಸಿರು ಮಾಮೂಲಿ ಹಳದಿ ಚೆಂಡಿಗಿಂತ ಸುಮಾರು ಕಾಲು ಭಾಗ ನಿಧಾನ. 10 ವರ್ಷ ಮತ್ತು ಕೆಳಗಿನವರ ಪಂದ್ಯಗಳಲ್ಲಿ ಇವನ್ನೇ ಬಳಸಬೇಕೆಂದು ಐಟಿಎಫ್ 2012ರಿಂದ ನಿಯಮ ಮಾಡಿದೆ. 9ಕ್ಕೇ ಹಳದಿ ಚೆಂಡು ಕೊಟ್ಟರೆ ಅದು ಮಗುವಿನ ಭುಜದ ಮೇಲೆ ಪುಟಿಯುತ್ತದೆ, ಅದನ್ನು ಹಿಡಿಯಲು ಮಗು ಕೈ ತಿರುಚಿ ಹೊಡೆಯುವುದನ್ನು ರೂಢಿ ಮಾಡಿಕೊಳ್ಳುತ್ತದೆ. ನಿಮ್ಮವನು 9ಕ್ಕೆ ಶುರು ಮಾಡಿದವನಲ್ಲವೇ, ಯಾವ ಚೆಂಡಿನಲ್ಲಿ ಕಲಿತ ಎಂದು ಕೋಚ್ ಹತ್ತಿರ ಒಮ್ಮೆ ಕೇಳಿ. ಹಳದಿಯಲ್ಲೇ ಆಗಿದ್ದರೆ ಕೆಲವು ತಿಂಗಳು ಹಸಿರಿಗೆ ಹಿಂದಿರುಗುವುದರಲ್ಲಿ ಯಾವ ನಾಚಿಕೆಯೂ ಇಲ್ಲ. ರ‍್ಯಾಕೆಟ್ ದೊಡ್ಡವರ 27 ಇಂಚಿನದಾಗಿದ್ದರೆ ಸದ್ಯ 26 ಇಂಚಿನದ್ದನ್ನು ಆಡಿಸಿ ನೋಡಿ, ಅದರಲ್ಲಿ ಕೈ ಹಗುರವಾಗಿ ತಿರುಗುತ್ತದೆಯೇ ಎಂದು ಅವನನ್ನೇ ಕೇಳಿ. ನವರಾತ್ರಿ ಹೊತ್ತಿಗೆ ಕೋರ್ಟಿನ ಪಾಚಿ ಕೆರೆದು ಗೆರೆ ಬಳಿಯುತ್ತಾರೆ, ಆಗ ಶುರು ಮಾಡಿದರಾಯಿತು.