ಪ್ರಪೋಸ್ ಈಗ ಕನ್ನಡದ ಪದ

ಪ್ರಶ್ನೆ: ಮೇಡಂ, ನನಗೆ ಇಷ್ಟವಾದ ಹುಡುಗಿ ಯಾವಾಗಲೂ ಇಂಗ್ಲಿಷಿನಲ್ಲೇ ಮೆಸೇಜ್ ಮಾಡುತ್ತಾಳೆ. ಇಂಗ್ಲಿಷಿನಲ್ಲಿ ಪ್ರಪೋಸ್ ಮಾಡೋದು ಹೇಗೆ? ಫ್ಲರ್ಟ್ ಮಾಡೋಕೆ, ಡೇಟಿಂಗ್‌ಗೆ ಬೇಕಾದ ಪದಗಳ ಒಂದು ಪಟ್ಟಿ ಕೊಡಿ.

ಪ್ರತಿ ವರ್ಷ ಜನವರಿ ಕೊನೆಗೆ ಈ ಪ್ರಶ್ನೆ ಶುರುವಾಗುತ್ತದೆ, ಫೆಬ್ರವರಿ 14 ಕಳೆದರೆ ನಿಲ್ಲುತ್ತದೆ. ಕೇಳುವವರು ಬದಲಾಗುತ್ತಾರೆ, ಪ್ರಶ್ನೆ ಬದಲಾಗಲ್ಲ. ಹನ್ನೊಂದು ವರ್ಷದಿಂದ ಸ್ಪೋಕನ್ ಇಂಗ್ಲಿಷ್ ಹೇಳಿಕೊಡುತ್ತಿದ್ದೇನೆ. ಟೆನ್ಸ್ ಬಗ್ಗೆ ಇಷ್ಟು ಆಸೆಯಿಂದ ಯಾರೂ ಕೇಳಿದ್ದಿಲ್ಲ.

ಪಟ್ಟಿ ಕೊಡುತ್ತೇನೆ, ಚಿಕ್ಕದು. ಅದಕ್ಕೂ ಮೊದಲು ನಿಮ್ಮ ಪ್ರಶ್ನೆಯಲ್ಲಿರುವ ಒಂದು ಪದವನ್ನು ಎತ್ತಿ ಪಕ್ಕಕ್ಕಿಡಬೇಕು. ಪ್ರಪೋಸ್.

ನಮ್ಮಲ್ಲಿ 'ಪ್ರಪೋಸ್ ಮಾಡಿದ' ಅಂದರೆ ಪ್ರೀತಿ ಹೇಳಿಕೊಂಡ ಅಂತ. ಇಂಗ್ಲೆಂಡಿನಲ್ಲೋ ಅಮೆರಿಕದಲ್ಲೋ ಅದೇ ಪದಕ್ಕೆ ಅರ್ಥ ಬೇರೆ: ನನ್ನನ್ನು ಮದುವೆ ಆಗ್ತೀಯಾ ಅಂತ ಕೇಳೋದು. ಮಂಡಿಯೂರಿ, ಉಂಗುರ ಹಿಡಿದು. ಅವಳು ಹೂಂ ಅಂದರೆ ನಿಶ್ಚಿತಾರ್ಥ ಆದ ಹಾಗೆ. ಸಾಮಾನ್ಯವಾಗಿ ಎಷ್ಟೋ ಕಾಲ ಜೊತೆಗೆ ಓಡಾಡಿದ ಮೇಲೆ ಬರುವ ಮಾತು ಅದು. ಐರ್ಲೆಂಡ್ ಮತ್ತು ಬ್ರಿಟನ್ನಿನಲ್ಲಿ ಫೆಬ್ರವರಿ 29ರಂದು ಹೆಂಗಸರೇ ಗಂಡಸರಿಗೆ ಪ್ರಪೋಸ್ ಮಾಡಬಹುದು ಅನ್ನುವ ಹಳೆಯ ರೂಢಿ ಇದೆ. ಅದೂ ಮದುವೆಯ ಮಾತೇ. ಕಾಫಿಗೆ ಕರೆಯೋಕೆ ಯಾರಾದರೂ ನಾಲ್ಕು ವರ್ಷ ಕಾಯುತ್ತಾರಾ?

ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಡಬ್ಲಿನ್‌ನಲ್ಲಿದ್ದಾನೆ. ಆಫೀಸಿನವರ ಜೊತೆ ಊಟಕ್ಕೆ ಕೂತಾಗ ಹಳೇ ಕತೆ ತೆಗೆದನಂತೆ. ಸೆಕೆಂಡ್ ಪಿಯುಸಿಯಲ್ಲಿ ಒಬ್ಬಳಿಗೆ ಪ್ರಪೋಸ್ ಮಾಡಿದೆ, ಆಗಲ್ಲ ಅಂದಳು, ಮುಂದಿನ ವಾರ ಅವಳ ಫ್ರೆಂಡಿಗೆ ಪ್ರಪೋಸ್ ಮಾಡಿದೆ. ಇವನು ನಗುತ್ತಿದ್ದಾನೆ, ಬೇರೆ ಯಾರೂ ನಗುತ್ತಿಲ್ಲ. ನಿಮ್ಮಲ್ಲಿ ಅಷ್ಟು ಚಿಕ್ಕ ವಯಸ್ಸಿಗೇ ಮದುವೆ ಮಾಡ್ತಾರಾ ಅಂತ ಒಬ್ಬರು ಮೆಲ್ಲಗೆ ಕೇಳಿದರಂತೆ.

ಇಷ್ಟು ಹೇಳಿದರೂ ಕ್ಲಾಸಿನಲ್ಲಿ ಕೈ ಏಳುತ್ತದೆ. 'ಮೇಡಂ, ಪ್ರಪೋಸ್ ಡೇ ಇದೆಯಲ್ಲ?' ಇದೆಯಪ್ಪಾ. 7ಕ್ಕೆ ರೋಸ್ ಡೇ, 8ಕ್ಕೆ ಪ್ರಪೋಸ್ ಡೇ, 9ಕ್ಕೆ ಚಾಕೊಲೇಟ್ ಡೇ. ಇದು ನಮ್ಮ ಕಡೆ ಜೋರಾಗಿ ಓಡುವ ಪಂಚಾಂಗ. ಇದನ್ನು ಹಿಡಿದುಕೊಂಡು ಲಂಡನ್ನಿನ ಇಂಗ್ಲಿಷ್ ಹೀಗೇ ಅನ್ನೋಕೆ ಆಗಲ್ಲ.

ಆಮೇಲೆ ಡಿಕ್ಷನರಿ ನೋಡಿಕೊಂಡು ಬಂದವನ ಸರದಿ. 'ಪ್ರಪೋಸ್ ಅಂದ್ರೆ ಮುಂದಿಡು ಅಂತಿದೆ. ನಾನು ನನ್ನ ಪ್ರೀತಿ ಮುಂದಿಟ್ಟೆ. ತಪ್ಪೇನು?' ಬುದ್ಧಿವಂತ. ಪ್ಲಾನ್ ಮುಂದಿಡಬಹುದು, ಸಭೆಯಲ್ಲಿ ಸಲಹೆ ಮುಂದಿಡಬಹುದು, ಅದಕ್ಕೆಲ್ಲ ಪ್ರಪೋಸ್ ಸರಿ. ಆದರೆ ಪ್ರಪೋಸ್ ಆದಮೇಲೆ 'ಟು' ಬಂದು, ಅದರ ಹಿಂದೆ ಒಬ್ಬ ಹುಡುಗಿಯ ಹೆಸರು ಬಂತೋ, ಮದುವೆ ಬಂದೇಬಿಟ್ಟಿತು. ನಮ್ಮವರು ಆ 'ಟು' ಕೂಡ ನುಂಗಿ 'ಐ ಪ್ರಪೋಸ್ಡ್ ಹರ್' ಅನ್ನುತ್ತಾರೆ. ಅರ್ಥದ ಜೊತೆ ಗ್ರಾಮರೂ ಹೋಯಿತು.

'ಇಷ್ಟು ಜನ ಹೇಳುವಾಗ ಅದೇ ಸರಿ ಆಗಲ್ವಾ?' ಇದು ಒಳ್ಳೆಯ ಪ್ರಶ್ನೆ. ಆಗುತ್ತದೆ, ಆಗಿದೆ. ಕನ್ನಡದಲ್ಲಿ! ಪ್ರಪೋಸ್ ಇಲ್ಲಿಗೆ ಬಂದು, ಇಲ್ಲಿನ ಅರ್ಥ ಹಾಕಿಕೊಂಡು, 'ಮಾಡು' ಸೇರಿಸಿಕೊಂಡು ನಮ್ಮದಾಗಿದೆ. 'ಅವನು ನಂಗೆ ಪ್ರಪೋಸ್ ಮಾಡ್ದ' ಅನ್ನೋದು ಶುದ್ಧ ಕನ್ನಡ, ನಾನು ತಿದ್ದಲ್ಲ. ಅದನ್ನು ವಾಪಸ್ ಇಂಗ್ಲಿಷಿಗೆ ಹೊತ್ತುಕೊಂಡು ಹೋದಾಗಲೇ ಪೇಚು.

ಇದೇ ಜಾತಿಯ ಇನ್ನೊಂದು ಪದ ಲವರ್. ಇದು ಪ್ರಪೋಸ್‌ಗಿಂತ ಅಪಾಯ. ನಮ್ಮಲ್ಲಿ ಲವರ್ ಅಂದರೆ ಪ್ರೀತಿಸಿದ ಹುಡುಗಿ, ಕೈ ಹಿಡಿಯದೇ ಇದ್ದರೂ ಲವರ್ರೇ. ಇವತ್ತಿನ ಇಂಗ್ಲಿಷಿನಲ್ಲಿ ಆ ಪದ ನೇರ ಹಾಸಿಗೆಗೆ ಹೋಗುತ್ತದೆ. ಸುಮ್ನೆ ಗರ್ಲ್‌ಫ್ರೆಂಡ್, ಬಾಯ್‌ಫ್ರೆಂಡ್ ಅನ್ನಿ. ಲವ್ ಫೇಲ್ಯೂರ್ ಬೇಡ, 'ಇಟ್ ಡಿಡಂಟ್ ವರ್ಕ್ ಔಟ್' ಸಾಕು. ಪ್ಯಾಚಪ್ ಆಯ್ತು ಅನ್ನೋದಕ್ಕೆ 'ವಿ ಗಾಟ್ ಬ್ಯಾಕ್ ಟುಗೆದರ್'. ಇನ್ನು ಗುರುತಿಲ್ಲದವರಿಗೆ 'ಹಾಯ್ ಡಿಯರ್' ಅಂತ ಮೆಸೇಜ್ ಕಳಿಸುವವರಿಗೆ ಒಂದೇ ಮಾತು, ಕಳಿಸಬೇಡಿ.

ಸರಿ, ಪಟ್ಟಿ. ಮನಸ್ಸಿನಲ್ಲೇ ಇಷ್ಟಪಡುತ್ತಿದ್ದರೆ 'ಐ ಹ್ಯಾವ್ ಎ ಕ್ರಶ್ ಆನ್ ಹರ್'. ಬಾಯಿಬಿಟ್ಟು ಹೇಳಿದ್ದರೆ 'ಐ ಟೋಲ್ಡ್ ಹರ್ ಹೌ ಐ ಫೀಲ್'. ಹೊರಗೆ ಹೋಗೋಣ ಅಂತ ಕರೆದಿದ್ದರೆ 'ಐ ಆಸ್ಕ್ಡ್ ಹರ್ ಔಟ್'. ನೀವು ಪ್ರಪೋಸ್ ಅಂದುಕೊಂಡಿರೋದು ಬಹುಪಾಲು ಈ ಕೊನೆಯ ಎರಡರಲ್ಲಿ ಒಂದು. ಕರೆಯೋದಕ್ಕೆ 'ವುಡ್ ಯೂ ಲೈಕ್ ಟು ಗೆಟ್ ಎ ಕಾಫಿ ಸಮ್‌ಟೈಮ್?' ಅನ್ನಿ. ಇದಕ್ಕಿಂತ ದೊಡ್ಡ ಇಂಗ್ಲಿಷ್ ಬೇಕಾಗಿಲ್ಲ.

ಫ್ಲರ್ಟ್ ಅನ್ನೋದು ಇಬ್ಬರೂ ಆಡುವ ಆಟ. ಒಬ್ಬರೇ ಆಡುತ್ತಿದ್ದರೆ ಅದಕ್ಕೆ 'ಹಿಟ್ಟಿಂಗ್ ಆನ್' ಅನ್ನುತ್ತಾರೆ. ನಮ್ಮ ಕಾಳು ಹಾಕೋದು ಇದಕ್ಕೇ ಹತ್ತಿರ. ಕೋಳಿ ತಿನ್ನುತ್ತೋ ಇಲ್ಲವೋ, ಇವನು ಹಾಕುತ್ತಲೇ ಇರುತ್ತಾನೆ.

ಅವಳ ಕಡೆಯ ಮಾತೂ ಕಲಿಯಿರಿ. 'ಐ ಆ್ಯಮ್ ಫ್ಲ್ಯಾಟರ್ಡ್, ಬಟ್' ಅಂತ ಶುರುವಾದರೆ ಅವಳ ಉತ್ತರ 'ಬೇಡ' ಅಂತ. 'ಬಟ್' ಆದಮೇಲೆ ಕಾಯಬೇಕಾಗಿಲ್ಲ. 'ಈ ವಾರ ಬಿಜಿ, ಶನಿವಾರ ಆಗುತ್ತಾ?' ಅಂದರೆ ಆಸಕ್ತಿ ಇದೆ. 'ಮೇಬಿ ಸಮ್ ಅದರ್ ಟೈಮ್' ಅಂದು ಬೇರೆ ದಿನ ಹೇಳದೇ ಇದ್ದರೆ ಇಲ್ಲ ಅಂತಲೇ ಇಟ್ಟುಕೊಳ್ಳಿ. ಹೇಳದೆ ಕೇಳದೆ ಮಾಯವಾಗೋದು ಘೋಸ್ಟಿಂಗ್, 2017ರಲ್ಲಿ ಮೆರಿಯಂ-ವೆಬ್‌ಸ್ಟರ್ ಡಿಕ್ಷನರಿಗೂ ಸೇರಿದೆ. ಮೋಡಿ ಮಾಡುವ ಗುಣಕ್ಕೆ ರಿಜ್ ಅನ್ನುತ್ತಾರೆ, 2023ರ ಆಕ್ಸ್‌ಫರ್ಡ್ ವರ್ಷದ ಪದ. ಇವನ್ನು ಕೇಳಿದರೆ ಗೊತ್ತಾದರೆ ಸಾಕು. ನನ್ನ ವಯಸ್ಸಿನವರು ಹೇಳಿದರೆ ಮಕ್ಕಳು ನಗುತ್ತಾರೆ.

ಇನ್ನೊಂದು ವಿಷಯ ನೀವು ಕೇಳಲಿಲ್ಲ, ಆದರೂ ಹೇಳುತ್ತೇನೆ. ಇಬ್ಬರೂ ಕನ್ನಡದವರಾಗಿದ್ದೂ ಶುರುವಿನಲ್ಲಿ ಇಂಗ್ಲಿಷಿನಲ್ಲೇ ಯಾಕೆ ಮಾತಾಡುತ್ತಾರೆ? ಸ್ಟೈಲ್‌ಗೆ ಅಂತ ಹಿರಿಯರು ಬೈಯುತ್ತಾರೆ. ನನಗೆ ಹಾಗೆ ಅನ್ನಿಸಲ್ಲ. ಕನ್ನಡದಲ್ಲಿ ಬಾಯಿ ತೆರೆದರೆ ಮೊದಲ ವಾಕ್ಯಕ್ಕೇ ತೀರ್ಮಾನ ಮಾಡಬೇಕು, ನೀವು ಅನ್ನಲೋ ನೀನು ಅನ್ನಲೋ. ನೀವು ಅಂದರೆ ಬ್ಯಾಂಕಿನ ಕೌಂಟರ್ ಮುಂದೆ ನಿಂತ ಹಾಗಿರುತ್ತದೆ. ನೀನು ಅಂದರೆ ಇಷ್ಟು ಬೇಗ ಸಲಿಗೆಯಾ ಅನ್ನಿಸುತ್ತದೆ. 'ಯೂ' ಅಂದರೆ ಆ ತಂಟೆಯೇ ಇಲ್ಲ.

ಇಂಗ್ಲಿಷಿನಲ್ಲೂ ಹಿಂದೆ ಈ ತಂಟೆ ಇತ್ತು. ನೀನು ಅನ್ನೋದಕ್ಕೆ 'ದೌ', ನೀವು ಅನ್ನೋದಕ್ಕೆ 'ಯೂ'. ಷೇಕ್ಸ್‌ಪಿಯರ್ ಕಾಲದಲ್ಲಿ ಎರಡೂ ಓಡಾಡುತ್ತಿದ್ದವು. ಆಮೇಲೆ ದಿನಬಳಕೆಯಲ್ಲಿ 'ದೌ' ಸವೆದು ಹೋಯಿತು. ಉಳಿದದ್ದು ಬಹುವಚನ. ಲೆಕ್ಕಕ್ಕೆ ನೋಡಿದರೆ 'ಐ ಲವ್ ಯೂ' ಅನ್ನುವವರೆಲ್ಲ ನಿಮ್ಮನ್ನು ಅಂತಲೇ ಅನ್ನುತ್ತಿದ್ದಾರೆ.

ಧಾರವಾಡದ ಹುಡುಗನೊಬ್ಬ ನನ್ನ ಸಂಜೆ ಬ್ಯಾಚಿನಲ್ಲಿದ್ದ. ಆಫೀಸಿನ ಒಬ್ಬಳ ಜೊತೆ ಆರು ತಿಂಗಳು ಬರೀ ಇಂಗ್ಲಿಷಿನಲ್ಲಿ ಮೆಸೇಜು, ಅದನ್ನು ತಿದ್ದಿಸಿಕೊಳ್ಳೋಕೆ ನನ್ನ ಹತ್ತಿರ ಬರುತ್ತಿದ್ದ. ಒಂದು ದಿನ ಓಡಿಬಂದು ಫೋನ್ ತೋರಿಸಿದ. ಅವಳು ಕನ್ನಡದಲ್ಲಿ ಒಂದೇ ಪದ ಕಳಿಸಿದ್ದಳು. 'ಬಂದ್ಯಾ?' ಬಂದ್ರಾ ಅಲ್ಲ, ಬಂದ್ಯಾ.

'ಮೇಡಂ, ಇದಕ್ಕೆ ಇಂಗ್ಲಿಷಿನಲ್ಲಿ ಏನಂತ ರಿಪ್ಲೈ ಮಾಡ್ಲಿ?'

ಫೋನ್ ವಾಪಸ್ ಕೊಟ್ಟು ಕ್ಲಾಸಿನಿಂದ ಆಚೆ ಕಳಿಸಿದೆ.