ಆರ್ ಭಾಷೆಯ ಎರಡು ಗುಣಾಕಾರಗಳು

ನ್ಯೂಜಿಲೆಂಡಿನ ಆಕ್ಲೆಂಡ್ ವಿಶ್ವವಿದ್ಯಾಲಯದಲ್ಲಿ ರಾಸ್ ಇಹಾಕಾ ಮತ್ತು ರಾಬರ್ಟ್ ಜೆಂಟಲ್‌ಮನ್ 1990ರ ದಶಕದ ಆರಂಭದಲ್ಲಿ ರೂಪಿಸಿದ ಆರ್ (R) ಎಂಬ ಕಂಪ್ಯೂಟರ್ ಭಾಷೆ ಇಂದು ಸಂಖ್ಯಾಶಾಸ್ತ್ರಜ್ಞರ ನಿತ್ಯದ ಸಾಧನ. ಇದರಲ್ಲಿ ಮ್ಯಾಟ್ರಿಕ್ಸ್‌ಗಳನ್ನು, ಅಂದರೆ ಅಡ್ಡಸಾಲು ಮತ್ತು ಕಂಬಸಾಲುಗಳಲ್ಲಿ ಜೋಡಿಸಿದ ಅಂಕಿಗಳ ಕೋಷ್ಟಕಗಳನ್ನು, ಗುಣಿಸಲು ಎರಡು ಚಿಹ್ನೆಗಳಿವೆ. ಬರೀ ನಕ್ಷತ್ರ ಚಿಹ್ನೆ (*) ಒಂದೊಂದು ಅಂಕಿಯನ್ನೂ ಅದರ ಜೋಡಿಯೊಡನೆ ಗುಣಿಸಿ ಸುಮ್ಮನಾಗುತ್ತದೆ. ಅದನ್ನೇ ಎರಡು ಶೇಕಡಾ ಚಿಹ್ನೆಗಳ ನಡುವೆ ಇಟ್ಟರೆ (%*%) ಬೀಜಗಣಿತದ ಗುಣಾಕಾರ ನಡೆಯುತ್ತದೆ. ಅಂದರೆ ಅಡ್ಡಸಾಲಿನ ಅಂಕಿಗಳನ್ನು ವೆಕ್ಟರಿನ (ಅಂಕಿಗಳ ಒಂದೇ ಪಟ್ಟಿಯ) ಅಂಕಿಗಳಿಂದ ಅನುಕ್ರಮವಾಗಿ ಗುಣಿಸಿ, ಬಂದ ಗುಣಲಬ್ಧಗಳನ್ನೆಲ್ಲ ಕೂಡಲಾಗುತ್ತದೆ.

ಎರಡು ಮನೆಗಳ ದಿನಸಿ ಲೆಕ್ಕವನ್ನೇ ನೋಡೋಣ. ಮೊದಲ ಮನೆಗೆ 5 ಕಿಲೋ ಅಕ್ಕಿ, 2 ಕಿಲೋ ಬೇಳೆ, 1 ಲೀಟರ್ ಎಣ್ಣೆ. ಎರಡನೆಯದಕ್ಕೆ ಕ್ರಮವಾಗಿ 10, 3, 2. ದರಗಳು 60, 120 ಮತ್ತು 150 ರೂಪಾಯಿ ಎಂದಿಟ್ಟುಕೊಂಡರೆ, ಎರಡು ಅಡ್ಡಸಾಲು, ಮೂರು ಕಂಬಸಾಲುಗಳ ಮ್ಯಾಟ್ರಿಕ್ಸನ್ನು ದರಗಳ ವೆಕ್ಟರಿನೊಡನೆ %*% ಬಳಸಿ ಗುಣಿಸಿದಾಗ 690 ಮತ್ತು 1260 ಎಂಬ ಸರಿಯಾದ ಬಿಲ್ಲುಗಳು ಬರುತ್ತವೆ.

ಇಲ್ಲಿ ಬರೀ ನಕ್ಷತ್ರ ಹಾಕಿದರೆ ಆಗುವ ಅನಾಹುತವನ್ನು ಗಮನವಿಟ್ಟು ನೋಡಬೇಕು. ಆರ್ ಮ್ಯಾಟ್ರಿಕ್ಸನ್ನು ಕಂಬಸಾಲುಗಳ ಕ್ರಮದಲ್ಲಿ, ಅಂದರೆ 5, 10, 2, 3, 1, 2 ಎಂದು ನೆನಪಿನಲ್ಲಿಡುತ್ತದೆ. ಚಿಕ್ಕದಾದ ದರಪಟ್ಟಿ ಮುಗಿದಾಗ ಅದನ್ನೇ ಮತ್ತೆ ಮೊದಲಿನಿಂದ ಬಳಸುತ್ತದೆ. ಹೀಗಾಗಿ ಎರಡನೆಯ ಮನೆಯ 10 ಕಿಲೋ ಅಕ್ಕಿಗೆ ಬೇಳೆಯ ದರ ಬಿದ್ದು 1200 ಆಗುತ್ತದೆ, ಮೊದಲ ಮನೆಯ ಬೇಳೆಗೆ ಎಣ್ಣೆಯ ದರ ಬೀಳುತ್ತದೆ. ಆರು ಅಂಕಿಗಳಿಗೆ ಮೂರು ದರಗಳು ಶೇಷವಿಲ್ಲದೆ ಹೊಂದುವುದರಿಂದ ಒಂದು ಎಚ್ಚರಿಕೆಯ ಸಾಲೂ ಕಾಣಿಸುವುದಿಲ್ಲ. ಕಾರ್ಯಕ್ರಮವನ್ನೇ ನಿಲ್ಲಿಸುವ ದೋಷಕ್ಕಿಂತ ಈ ಮೌನ ಹೆಚ್ಚು ಅಪಾಯಕಾರಿ ಎಂಬುದು ನನ್ನ ಖಚಿತ ಅಭಿಪ್ರಾಯ. ಪ್ರತಿ ಸಾಮಾನಿನ ವೆಚ್ಚ ಬಿಡಿಬಿಡಿಯಾಗಿ ಬೇಕಿದ್ದರೆ, ದರಗಳನ್ನು ಕರ್ಣದ ಮೇಲಿಟ್ಟು ಉಳಿದೆಡೆ ಸೊನ್ನೆ ತುಂಬಿದ ಮ್ಯಾಟ್ರಿಕ್ಸನ್ನು ಬಲಗಡೆ ಇರಿಸಿ %*% ಬಳಸಬಹುದು.

ಆರ್‌ನ ವೆಕ್ಟರಿಗೆ ಅಡ್ಡ, ಉದ್ದ ಎಂಬ ದಿಕ್ಕಿಲ್ಲ. ಮ್ಯಾಟ್ರಿಕ್ಸಿನ ಎಡಕ್ಕಿಟ್ಟರೂ ಬಲಕ್ಕಿಟ್ಟರೂ, ಅಳತೆ ಹೊಂದುವಂತಿದ್ದರೆ ಭಾಷೆಯೇ ಅದನ್ನು ಅಡ್ಡಸಾಲು ಅಥವಾ ಕಂಬಸಾಲು ಎಂದು ಭಾವಿಸಿಕೊಳ್ಳುತ್ತದೆ. ಈ ಅನುಕೂಲದ ಇನ್ನೊಂದು ಮುಖವೂ ಉಂಟು: ಮ್ಯಾಟ್ರಿಕ್ಸಿನಿಂದ ಒಂದೇ ಸಾಲನ್ನು ಆರಿಸಿ ತೆಗೆದರೆ ಅದು ತನ್ನ ಆಕಾರ ಕಳೆದುಕೊಂಡು ಬರೀ ವೆಕ್ಟರ್ ಆಗುತ್ತದೆ. ಆಕಾರ ಉಳಿಯಬೇಕಾದರೆ ಸಾಲನ್ನು ಆರಿಸುವ ಆವರಣದೊಳಗೇ ‘ಡ್ರಾಪ್’ ಆಯ್ಕೆಗೆ ‘ಫಾಲ್ಸ್’ ಎಂಬ ಬೆಲೆ ಕೊಡಬೇಕು.